ಯಾವ ಭಕ್ತರ ದಾರಿ ನಿಮಗೆ ಹೊಂದುತ್ತದೆ? ಶಿಷ್ಯತ್ವ ಕಲಿಯಹೊರಟವರಿಗೆ ಒಂದು ಹೋಲಿಕೆ

ಕಾರವಾರದಿಂದ ಭಟ್ಕಳದವರೆಗೆ ಯಾವ ಕಥೋಲಿಕರ ಮನೆಗೆ ಹೋದರೂ ಗೋಡೆಯ ಮೇಲೆ ಒಬ್ಬಿಬ್ಬರು ಸಂತರು ಇದ್ದೇ ಇರುತ್ತಾರೆ. ಅವರ ಪವಾಡಗಳು ಮನೆಮಂದಿಗೆಲ್ಲ ಬಾಯಿಪಾಠ. ಆದರೆ ಆ ಸಂತರು ದಿನದಲ್ಲಿ ಯಾವಾಗ ಪ್ರಾರ್ಥಿಸುತ್ತಿದ್ದರು, ಸಿಟ್ಟು ಬಂದಾಗ ಏನು ಮಾಡುತ್ತಿದ್ದರು, ಮನಸ್ಸು ಒಣಗಿಹೋದಾಗ ಹೇಗೆ ತಡೆದುಕೊಂಡರು ಎಂದು ಕೇಳಿ ನೋಡಿ, ಹೇಳುವವರು ಸಿಗುವುದು ಅಪರೂಪ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಗೋಡೆಯ ಮೇಲೆ ಪಟ ಇರಲಿಕ್ಕಿಲ್ಲ, ಆದರೂ ಸ್ಥಿತಿ ಇದೇ: ಹಿಂದಿನವರ ಸಾಹಸ ಗೊತ್ತು, ದಿನಚರಿ ಗೊತ್ತಿಲ್ಲ. ಯೇಸುಸ್ವಾಮಿಯನ್ನು ಹಿಂಬಾಲಿಸುವುದನ್ನು ಇವರಿಂದ ಕಲಿಯಬೇಕಾದರೆ ನಮಗೆ ಬೇಕಿರುವುದು ಆ ದಿನಚರಿಯೇ.

ಆಯ್ಕೆ ಮಾಡುವಾಗ ಹೆಚ್ಚಿನವರು ತಮಗೆ ತುಂಬ ಮೆಚ್ಚುಗೆಯಾದ ಭಕ್ತರನ್ನು ಹಿಡಿಯುತ್ತಾರೆ. ಅದು ತಪ್ಪು ಅಳತೆ. ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ದಿನದಲ್ಲಿ ಯಾರೂ ಕರೆಯದ, ನಿಮ್ಮದೇ ಆದ ಹೊತ್ತು ಎಷ್ಟು ನಿಮಿಷ? ನಿಮ್ಮ ಶಿಷ್ಯತ್ವ ಮುರಿದು ಬೀಳುವುದು ಎಲ್ಲಿ: ಪ್ರಾರ್ಥನೆಯಲ್ಲೋ, ಮಾತಿನಲ್ಲೋ, ಒಂಟಿತನದಲ್ಲೋ, ಅಥವಾ ನೆರೆಯವರ ಕಷ್ಟ ಕಂಡೂ ಕಾಣದಂತೆ ಇರುವುದರಲ್ಲೋ? ಈ ಎರಡು ಉತ್ತರ ಸಿಕ್ಕರೆ ದಾರಿ ಮುಕ್ಕಾಲು ಪಾಲು ತಾನೇ ಗೊತ್ತಾಗುತ್ತದೆ.

ಹದಿನೈದು ನಿಮಿಷ ಇದ್ದರೆ: ಇಗ್ನೇಷಿಯಸ್

ಲೊಯೊಲಾದ ಇಗ್ನೇಷಿಯಸ್ (1491–1556) ಸೈನಿಕರಾಗಿದ್ದವರು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕೋಟೆಯಲ್ಲಿ ಗುಂಡು ತಗುಲಿ ಕಾಲು ಮುರಿದು, ಹಾಸಿಗೆ ಹಿಡಿದಾಗ ತಮ್ಮ ಮನಸ್ಸಿನ ಏರಿಳಿತಗಳನ್ನು ಗಮನಿಸಲು ಕಲಿತರು. ಶೌರ್ಯದ ಕನಸು ಕಂಡಾಗ ಆ ಕ್ಷಣಕ್ಕೆ ಹಿತ, ಆಮೇಲೆ ಬೇಸರ. ಸಂತರ ಹಾಗೆ ಬಾಳಬೇಕೆಂದು ಯೋಚಿಸಿದಾಗ ಹಿತ ಉಳಿದೇ ಇರುತ್ತಿತ್ತು. ಅವರ ಇಡೀ ಪದ್ಧತಿ ಹುಟ್ಟಿದ್ದು ಈ ವ್ಯತ್ಯಾಸದಿಂದ.

ದಿನನಿತ್ಯಕ್ಕೆ ಅವರು ಕೊಟ್ಟಿದ್ದು ಆತ್ಮಶೋಧನೆ. ಇದರಲ್ಲಿ ಐದು ಹೆಜ್ಜೆ. ದಿನದಲ್ಲಿ ಸಿಕ್ಕಿದ್ದಕ್ಕೆ ದೇವರಿಗೆ ಕೃತಜ್ಞತೆ, ಸರಿಯಾಗಿ ಕಾಣಲು ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ಈಗಿನವರೆಗೆ ಗಂಟೆ ಗಂಟೆಯಾಗಿ ದಿನವನ್ನು ತಿರುಗಿ ನೋಡುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ನಿರ್ಧಾರ. ಮೂರನೆಯ ಹೆಜ್ಜೆಗೆ ಏಳೆಂಟು ನಿಮಿಷ ಕೊಡಿ, ಉಳಿದವಕ್ಕೆ ಒಂದೋ ಎರಡೋ ನಿಮಿಷ ಸಾಕು. ಒಂದೇ ಒಂದು ದೋಷದ ಮೇಲೆ ಕಣ್ಣಿಡುವ ಇನ್ನೊಂದು ಕ್ರಮವೂ ಇದೆ. ಉದಾಹರಣೆಗೆ ಹೆಂಡತಿ ಮಕ್ಕಳ ಮೇಲೆ ರೇಗುವುದು ಎನ್ನಿ. ವಾರದ ಪ್ರತಿ ದಿನಕ್ಕೆ ಎರಡು ಗೆರೆ ಎಳೆದು, ಮಧ್ಯಾಹ್ನ ಒಂದು ಗೆರೆಯ ಮೇಲೆ, ರಾತ್ರಿ ಇನ್ನೊಂದರ ಮೇಲೆ ಎಷ್ಟು ಸಲ ಎಡವಿದೆ ಎಂದು ಚುಕ್ಕಿ ಇಡಬೇಕು. ನಿನ್ನೆಗೆ ಇಂದು, ಹಿಂದಿನ ವಾರಕ್ಕೆ ಈ ವಾರ ಹೋಲಿಸಬೇಕು. ಕೇಳಲು ಲೆಕ್ಕಪತ್ರದಂತೆ ಕಂಡರೂ ಕೆಲಸ ಮಾಡುತ್ತದೆ, ಏಕೆಂದರೆ ಎರಡೇ ವಾರಗಳಲ್ಲಿ ಯಾವ ಹೊತ್ತಿನಲ್ಲಿ ಚುಕ್ಕಿ ಹೆಚ್ಚು ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಎಲ್ಲಿ ಕೆಡುತ್ತದೆ? ಒಂದು, ಮಲಗಿಕೊಂಡು ಮಾಡುವುದು. ಎರಡನೆಯ ಹೆಜ್ಜೆ ದಾಟುವ ಮೊದಲೇ ನಿದ್ದೆ. ಊಟಕ್ಕೆ ಮೊದಲು ಕುಳಿತುಬಿಡಿ. ಕೈಗಾದಲ್ಲಿ ಪಾಳಿಯ ಮೇಲೆ ದುಡಿಯುವವರು, ಬೋಟಿಗೆ ಹೋಗುವವರು ರಾತ್ರಿಯೇ ಆಗಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಮನೆಗೆ ಬಂದು ಮೈ ತೊಳೆದುಕೊಂಡ ಕೂಡಲೇ ಮಾಡಿದರೂ ಆಯಿತು, ಪಾಳಿ ಬದಲಾದರೂ ಆ ಕ್ರಿಯೆ ಬದಲಾಗದು. ಎರಡು, ಕೃತಜ್ಞತೆಯನ್ನು ಹಾರಿಸಿ ನೇರ ಪಾಪದ ಪಟ್ಟಿಗೆ ಇಳಿಯುವುದು. ಹೀಗೆ ಮಾಡಿದವರು ತಿಂಗಳೊಳಗೆ ಬಿಟ್ಟುಬಿಡುತ್ತಾರೆ. ಮೂರು, ಸಣ್ಣ ತಪ್ಪಿಗೂ ಕೊರಗಿ ಕೊರಗಿ ಸೊರಗುವ ಸ್ವಭಾವದವರು ಈ ದಾರಿಯನ್ನು ಒಬ್ಬರೇ ಹಿಡಿಯಬಾರದು. ಮಾನ್ರೆಸಾ ಎಂಬ ಊರಿನಲ್ಲಿದ್ದಾಗ ಇಗ್ನೇಷಿಯಸ್ ಅವರನ್ನೇ ಈ ಪಾಪಭೀತಿ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಒಯ್ದಿತ್ತು. ಅಲ್ಲಿ ಮಾಡಿದ ಕಠೋರ ಉಪವಾಸದಿಂದ ಅವರ ಆರೋಗ್ಯ ಶಾಶ್ವತವಾಗಿ ಕೆಟ್ಟಿತು. ಮುಂದೆ ತಮ್ಮ ಬಳಿ ಬಂದವರಿಗೆ ದೇಹದಂಡನೆ ಕಡಿಮೆ ಮಾಡಿ ಎಂದೇ ಅವರು ಹೇಳಿದರು.

ಅವರ ಇನ್ನೊಂದು ಸೂತ್ರ ಎಲ್ಲ ದಾರಿಯವರಿಗೂ ಬೇಕು: ಮನಸ್ಸು ಕತ್ತಲಾಗಿ, ದೇವರು ದೂರವಾದಂತೆ ಅನಿಸುವ ದಿನಗಳಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಪ್ರಾರ್ಥನೆ ಬಿಡುವುದು, ಸಂಘ ಬಿಡುವುದು, ಇಗರ್ಜಿಗೆ ಹೋಗುವುದನ್ನು ನಿಲ್ಲಿಸುವುದು, ಯಾವುದೂ ಆ ಹೊತ್ತಿನಲ್ಲಿ ಬೇಡ.

ಅವರ ಪೂರ್ತಿ ಆಧ್ಯಾತ್ಮಿಕ ಸಾಧನೆ ಸುಮಾರು ಮೂವತ್ತು ದಿನಗಳ ಮೌನದ್ದು. ಕೆಲಸ ಬಿಟ್ಟು ಹೋಗಲಾಗದವರಿಗೆ ಮನೆಯಲ್ಲಿದ್ದುಕೊಂಡೇ, ದಿನಕ್ಕೆ ಒಂದೂವರೆ ಗಂಟೆ ಕೊಟ್ಟು, ತಿಂಗಳುಗಟ್ಟಲೆ ಹರಡಿಕೊಂಡು ಮಾಡುವ ಕ್ರಮವನ್ನೂ ಅವರೇ ಬರೆದಿಟ್ಟಿದ್ದಾರೆ. ಇದಕ್ಕೆ ನುರಿತ ಮಾರ್ಗದರ್ಶಕರು ಬೇಕೇ ಬೇಕು. ಪುಸ್ತಕ ನೋಡಿಕೊಂಡು ಮಾಡುವಂಥದ್ದಲ್ಲ. ಆ ಬರಹ ಇರುವುದೇ ಮಾಡಿಸುವವರಿಗಾಗಿ.

ಮನೆಮಂದಿಯೆಲ್ಲ ಸೇರಿ ಮಾಡುವುದಾದರೆ: ಬೆನೆಡಿಕ್ಟ್

ಆರನೆಯ ಶತಮಾನದ ಬೆನೆಡಿಕ್ಟ್ ಮಠದ ಬಾಳಿಗೆ ಬರೆದ ನಿಯಮಾವಳಿಯಲ್ಲಿ ಪೀಠಿಕೆಯ ಜೊತೆ 73 ಅಧ್ಯಾಯಗಳಿವೆ. ಮಠದವರಿಗೆ ಬರೆದದ್ದು ಮನೆಯವರಿಗೆ ಏಕೆ ಎಂದರೆ, ಒಂದೇ ಸೂರಿನಡಿ ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಸ್ವಭಾವದ ಜನ ಹೇಗೆ ದೇವರನ್ನು ಹುಡುಕಬೇಕು ಎಂಬುದೇ ಅದರ ವಿಷಯ. ಪ್ರಾರ್ಥನೆಗೆ ತಡವಾಗಿ ಬರುವವರ ಬಗ್ಗೆ ಒಂದು ಅಧ್ಯಾಯವೇ ಇದೆ. ಅದರಲ್ಲಿ ಅವರು ಹೇಳುವುದನ್ನು ನೋಡಿ: ರಾತ್ರಿಯ ಪ್ರಾರ್ಥನೆಯ ಆರಂಭದ 95ನೇ ಕೀರ್ತನೆಯನ್ನು ಬೇಕೆಂದೇ ಎಳೆದು ನಿಧಾನವಾಗಿ ಹೇಳಬೇಕು, ಎದ್ದು ಬರುವವರಿಗೆ ಸಮಯ ಸಿಗಲಿ ಎಂದು. ಶಿಸ್ತೂ ಇದೆ, ಕರುಣೆಯೂ ಇದೆ. ಮಕ್ಕಳನ್ನು ಬೈದು ಕೂರಿಸಿ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳಿಸುವ ಮನೆಗಳಿಗೆ ಇದು ಬಹಳ ಬೇಕಾದ ಪಾಠ.

ಅವರ ಮಠದಲ್ಲಿ 150 ಕೀರ್ತನೆಗಳು ಒಂದು ವಾರದಲ್ಲಿ ಮುಗಿಯಬೇಕಿತ್ತು. ಮನೆಯಲ್ಲಿ ಬೆಳಿಗ್ಗೆ ಎರಡು, ರಾತ್ರಿ ಒಂದು ಎಂದಿಟ್ಟುಕೊಂಡರೆ ಸುಮಾರು 50 ದಿನಗಳಲ್ಲಿ ಒಂದು ಸುತ್ತು. 119ನೇ ಕೀರ್ತನೆಗೆ 176 ವಚನ. ಅದು ಎಂಟೆಂಟು ವಚನಗಳ 22 ಭಾಗಗಳಾಗಿಯೇ ರಚಿತವಾಗಿದೆ, ಆದ್ದರಿಂದ ಒಂದೊಂದು ಭಾಗವನ್ನು ಒಂದೊಂದು ಕೀರ್ತನೆಯಂತೆ ಎಣಿಸಿ, ಆಗ ಸುತ್ತು 57 ದಿನಕ್ಕೆ ಮುಗಿಯುತ್ತದೆ. ಇದಕ್ಕೆ ಜೊತೆಯಾಗಿ ಧ್ಯಾನದ ಓದು. ಶುಭಸಂದೇಶದ ಎಂಟು ಹತ್ತು ವಚನಗಳನ್ನು ಗಟ್ಟಿಯಾಗಿ ಓದುವುದು, ತಡೆದ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕುವುದು, ಅದೇ ಮಾತಿನಿಂದ ಪ್ರಾರ್ಥಿಸುವುದು, ಕೊನೆಗೆ ಸುಮ್ಮನೆ ದೇವರ ಮುಂದಿರುವುದು. ಈ ನಾಲ್ಕು ಮೆಟ್ಟಿಲನ್ನು ಹೀಗೆ ಹೆಸರಿಟ್ಟು ಜೋಡಿಸಿದ್ದು 12ನೇ ಶತಮಾನದ ಎರಡನೆಯ ಗೀಗೊ ಎಂಬ ಸನ್ಯಾಸಿ. ಓದುವ ಅಭ್ಯಾಸವಂತೂ ಬೆನೆಡಿಕ್ಟರ ದಿನಚರಿಯಲ್ಲೇ ಇತ್ತು. ಅವರು ಕೈಕೆಲಸಕ್ಕೂ ಓದಿಗೂ ಹೊತ್ತು ಗೊತ್ತುಮಾಡಿದ್ದರು, ಋತು ಬದಲಾದಂತೆ ಆ ಹೊತ್ತನ್ನೂ ಬದಲಿಸಿದ್ದರು.

ಋತುವಿನ ಮಾತು ಶಿರಸಿ ಕಡೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಮಧ್ಯರಾತ್ರಿವರೆಗೆ ಸುಲಿಯುವವರಿಗೆ ಬೆಳಗಿನ ಐದು ಗಂಟೆಯ ಕೀರ್ತನೆ ಆಗದ ಮಾತು. ಆ ತಿಂಗಳುಗಳಿಗೆ ಬೇರೆ ವೇಳಾಪಟ್ಟಿ ಮೊದಲೇ ಬರೆದಿಡಿ, ಆಗ ತಪ್ಪಿಸಿದ ಭಾವ ಬರುವುದಿಲ್ಲ. ಇಲ್ಲಿ ಹೆಚ್ಚಾಗಿ ಆಗುವ ತಪ್ಪೆಂದರೆ ಧ್ಯಾನದ ಓದು ಬೈಬಲ್ ತರಗತಿಯಾಗಿಬಿಡುವುದು. ಮನೆಯ ಹಿರಿಯರು ವ್ಯಾಖ್ಯಾನಕ್ಕೆ ಶುರುಮಾಡಿದರೆ ಉಳಿದವರ ಬಾಯಿ ಮುಚ್ಚುತ್ತದೆ. ಮುಖ್ಯ ವಿಷಯ ಬಂದಾಗ ಎಲ್ಲರನ್ನೂ ಕೂಡಿಸಿ ಕೇಳಬೇಕು, ಏಕೆಂದರೆ ಉತ್ತಮವಾದದ್ದನ್ನು ದೇವರು ಎಷ್ಟೋ ಸಲ ಕಿರಿಯರಿಗೇ ತೋರಿಸುತ್ತಾನೆ ಎಂದು ಬೆನೆಡಿಕ್ಟರೇ ಬರೆದಿದ್ದಾರೆ.

ನಿಮ್ಮದೇ ಆದ ನಿಮಿಷವೇ ಇಲ್ಲದಿದ್ದರೆ: ಲಾರೆನ್ಸ್ ಮತ್ತು ಚಿಕ್ಕ ತೆರೇಸಾ

ಕೈಗೂಸು ಇರುವ ತಾಯಿ, ಹೋಟೆಲಿನಲ್ಲಿ ದುಡಿಯುವವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ಇವರಿಗೆ ಮೇಲಿನ ಎರಡೂ ದಾರಿ ಕಷ್ಟ. ಬ್ರದರ್ ಲಾರೆನ್ಸ್ ಹುಟ್ಟಿದ್ದು ಲೊರೇನ್ ಪ್ರಾಂತ್ಯದಲ್ಲಿ. ಯುದ್ಧದಲ್ಲಿ ಗಾಯಗೊಂಡು ಕಾಲು ಊನವಾದವರು. 1640ರಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠ ಸೇರಿ ವರ್ಷಗಟ್ಟಲೆ ಅಡುಗೆಮನೆಯಲ್ಲಿ ದುಡಿದರು. ಅಡುಗೆ ಕೆಲಸ ಅವರಿಗೆ ಸ್ವಭಾವತಃ ಇಷ್ಟವಿರಲಿಲ್ಲ. ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದಾಗ ಕುಂಟುಕಾಲಿನಿಂದ ನಡೆಯಲಾಗದೆ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಸಾಗಬೇಕಾಯಿತು. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿ ಮಾಡಿ ಮುಗಿಸಿದರು.

ಅವರ ಅಭ್ಯಾಸ ಇಷ್ಟೇ. ಕೆಲಸ ಆರಂಭಿಸುವಾಗ ದೇವರೊಡನೆ ಒಂದು ಮಾತು, ನಡುವೆ ನೆನಪಾದಾಗೆಲ್ಲ ಇನ್ನೊಂದು, ಮುಗಿದಾಗ ಚೆನ್ನಾಗಿ ಆಗಿದ್ದರೆ ಕೃತಜ್ಞತೆ, ಕೆಟ್ಟಿದ್ದರೆ ಕ್ಷಮೆ. ಮರೆತುಹೋದರೆ ಗೋಳಾಡದೆ ಮತ್ತೆ ಶುರು. ಶುರುಮಾಡುವವರು ಇಡೀ ದಿನ ನೆನಪಿಡಲು ಹೋಗಬೇಡಿ. ದಿನದ ಮೂರು ಕೆಲಸ ಗೊತ್ತುಮಾಡಿಕೊಳ್ಳಿ: ಒಲೆ ಹಚ್ಚುವುದು, ನೀರು ತುಂಬುವುದು, ಬಾಗಿಲು ಹಾಕುವುದು. ಆ ಮೂರಕ್ಕೆ ಮಾತ್ರ ಒಂದೊಂದು ಸಣ್ಣ ಪ್ರಾರ್ಥನೆ ಕಟ್ಟಿ. ಅದು ತಾನಾಗಿ ಬರತೊಡಗಿದ ಮೇಲೆ ನಾಲ್ಕನೆಯದು ಸೇರಿಸಿ. ಲಾರೆನ್ಸರಿಗೇ ಮೊದಲ ಹತ್ತು ವರ್ಷ ಬಹಳ ಕಷ್ಟವಾಗಿತ್ತು. ಸುಲಭ ದಾರಿ ಎಂದು ಇದನ್ನು ಹಿಡಿದವರು ಈ ಸಂಗತಿ ತಿಳಿದಿರಬೇಕು.

ಇಲ್ಲಿನ ದೊಡ್ಡ ಅಪಾಯ, "ನನ್ನ ಕೆಲಸವೇ ಪ್ರಾರ್ಥನೆ" ಎಂದು ಇದ್ದ ಪ್ರಾರ್ಥನೆಯನ್ನೂ ಬಿಡುವುದು. ಲಾರೆನ್ಸ್ ಇದ್ದ ಮಠದಲ್ಲಿ ದಿನಕ್ಕೆ ಎರಡು ಗಂಟೆ ಮೌನಪ್ರಾರ್ಥನೆ ಇತ್ತು. ಅವರ ಅಡುಗೆಮನೆಯ ಪ್ರಾರ್ಥನೆ ಅದರ ಮೇಲೆ ನಿಂತಿತ್ತು. ಭಾನುವಾರದ ಪೂಜೆ, ದಿನಕ್ಕೆ ಐದು ನಿಮಿಷ ಕೂರುವುದು, ಇವೆರಡನ್ನು ಬಿಡದೆ ಇದನ್ನು ಸೇರಿಸಿಕೊಳ್ಳಿ.

ಫ್ರಾನ್ಸಿನ ಲಿಸಿಯೂದ ಕಾರ್ಮೆಲ್ ಮಠದ ಸನ್ಯಾಸಿನಿ ಚಿಕ್ಕ ತೆರೇಸಾ (1873–1897) ಇದೇ ದಾರಿಯನ್ನು ಕೆಲಸದಿಂದ ಮನುಷ್ಯರ ಕಡೆಗೆ ತಿರುಗಿಸಿದರು. ಮೌನಪ್ರಾರ್ಥನೆಯ ಹೊತ್ತಿನಲ್ಲಿ ಹಿಂದೆ ಕುಳಿತ ಸಿಸ್ಟರ್ ಒಬ್ಬರು ಸಣ್ಣದಾಗಿ ಕಟಕಟ ಸದ್ದು ಮಾಡುತ್ತಿದ್ದರಂತೆ. ತಿರುಗಿ ದುರುಗುಟ್ಟಿ ನೋಡಬೇಕೆಂಬ ಆಸೆಯನ್ನು ತಡೆಯುವಷ್ಟರಲ್ಲಿ ತೆರೇಸಾ ಬೆವತುಹೋಗುತ್ತಿದ್ದರು. ಕೊನೆಗೆ ಆ ಸದ್ದನ್ನೇ ಗಮನವಿಟ್ಟು ಕೇಳಿ, ಸಂಗೀತವೆಂಬಂತೆ ಯೇಸುವಿಗೆ ಅರ್ಪಿಸತೊಡಗಿದರು. ಬಟ್ಟೆ ಒಗೆಯುವಾಗ ಎದುರಿನವರು ಮುಖಕ್ಕೆ ಕೊಳೆನೀರು ಎರಚಿದರೂ ಒರೆಸಿಕೊಳ್ಳುವ ಆತುರ ತೋರಿಸಲಿಲ್ಲ. ಅವರನ್ನು ಹಿಂಬಾಲಿಸಬೇಕೆಂದರೆ ನಿಮಗೆ ಸಹಿಸಲಾಗದ ಒಬ್ಬರನ್ನು ಆರಿಸಿ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಅವರಿಗೆ ದಿನಕ್ಕೊಂದು ಸಣ್ಣ ಉಪಕಾರ ಮಾಡಿ, ಯಾರಿಗೂ ಹೇಳಬೇಡಿ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಇದು ಕಿರಿಕಿರಿಯನ್ನು ಸಹಿಸುವ ದಾರಿ, ಹೊಡೆತವನ್ನು ಸಹಿಸುವ ದಾರಿಯಲ್ಲ. ಮನೆಯಲ್ಲಿ ಹಿಂಸೆ ಇದ್ದರೆ ಸಹಾಯ ಕೇಳಬೇಕು. ಚಿಕ್ಕ ತೆರೇಸಾರ ಹೆಸರು ಹೇಳಿ ಅದನ್ನು ಮುಚ್ಚಿಡಿ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಒಬ್ಬರೇ ನಿಲ್ಲಲಾಗದವರಿಗೆ: ವೆಸ್ಲಿ, ಬಾನ್‌ಹೋಫರ್

ಶುರುಮಾಡಿ ಬಿಡುವುದೇ ನಿಮ್ಮ ಕಷ್ಟವಾದರೆ ನಿಮಗೆ ಬೇಕಿರುವುದು ಜೊತೆಗಾರರು. ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯ (1703–1791) ತರಗತಿ ಕೂಟಗಳು ಹುಟ್ಟಿದ್ದು 1742ರಲ್ಲಿ, ಬ್ರಿಸ್ಟಲ್‌ನ ಸಭಾಮಂದಿರದ ಸಾಲ ತೀರಿಸುವ ಯೋಚನೆಯಿಂದ. ಹನ್ನೆರಡು ಜನಕ್ಕೆ ಒಬ್ಬ ಮುಂದಾಳು, ವಾರಕ್ಕೆ ಒಬ್ಬರಿಂದ ಒಂದು ಪೆನ್ನಿ. ಹಣ ಕೇಳಲು ಮನೆಮನೆಗೆ ಹೋದ ಮುಂದಾಳುಗಳಿಗೆ ಜನರ ನಿಜವಾದ ಬದುಕು ಕಣ್ಣಿಗೆ ಬಿತ್ತು, ಅಲ್ಲಿಂದ ಕೂಟದ ಕೆಲಸವೇ ಬದಲಾಯಿತು. ನಡೆಸುವ ಕ್ರಮ ಸರಳ: ಒಂದು ಗಂಟೆ, ಮುಂದಾಳು ಮೊದಲು ತನ್ನ ವಾರದ ಸ್ಥಿತಿ ಹೇಳಿ, ಆಮೇಲೆ ಒಬ್ಬೊಬ್ಬರನ್ನೂ ಕೇಳುವುದು. ಇದಕ್ಕಿಂತ ಬಿಗಿಯಾದ ಸಣ್ಣ ಕೂಟಗಳೂ ಇದ್ದವು. ಅಲ್ಲಿ ಗಂಡಸರು ಹೆಂಗಸರು ಬೇರೆ, ಮದುವೆಯಾದವರು ಆಗದವರು ಬೇರೆ. ಕಳೆದ ವಾರದಿಂದ ಯಾವ ಪಾಪ ಮಾಡಿದೆ, ಯಾವ ಪ್ರಲೋಭನೆ ಬಂತು, ಹೇಗೆ ಪಾರಾದೆ ಎಂದು ನೇರವಾಗಿ ಕೇಳುತ್ತಿದ್ದರು.

ನಮ್ಮ ಧರ್ಮಕೇಂದ್ರಗಳಲ್ಲಿ ವಾರ್ಡಿನ ಕೂಟ, ಸಣ್ಣ ಕ್ರೈಸ್ತ ಸಮುದಾಯ ಈಗಾಗಲೇ ಇವೆ, ಆದರೆ ಅಲ್ಲಿ ಬಿಗಿಯಾದ ಕೂಟದ ಪ್ರಶ್ನೆಗಳನ್ನು ತರಬೇಡಿ. ಅಂಕೋಲಾ, ಹೊನ್ನಾವರದ ಒಂದು ವಾರ್ಡಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಒಬ್ಬರ ಬಾಯಿಂದ ಬಿದ್ದ ಮಾತು ಸಂಜೆಯೊಳಗೆ ಮೀನು ಮಾರುಕಟ್ಟೆಯಲ್ಲಿರುತ್ತದೆ. ದೊಡ್ಡ ಕೂಟದಲ್ಲಿ "ಈ ವಾರ ನಿಮ್ಮ ಪ್ರಾರ್ಥನೆ ಹೇಗಿತ್ತು?" ಎಂಬಷ್ಟಕ್ಕೆ ನಿಲ್ಲಿಸಿ. ಆಳದ ಪ್ರಶ್ನೆಗೆ ಬೇರೆ ಬೀದಿಯ, ಸಾಧ್ಯವಾದರೆ ಬೇರೆ ಊರಿನ ಮೂರು ನಾಲ್ಕು ಜನ ಸಾಕು.

ಗುಟ್ಟು ಕಾಯುವುದಕ್ಕೆ ಬಾನ್‌ಹೋಫರ್ (1906–1945) ಕೊಟ್ಟ ನಿಯಮ ನಮ್ಮ ಕೂಟಗಳಿಗೆಲ್ಲ ಬೇಕು. ಆಗ ಜರ್ಮನಿಯಲ್ಲಿದ್ದ ಫಿಂಕೆನ್‌ವಾಲ್ಡೆಯಲ್ಲಿ ಪಾದ್ರಿಗಳಾಗುವವರಿಗೆ ತರಬೇತಿ ಕೊಡುವಾಗ ಅವರು ಹಾಕಿದ ನಿಯಮ ಇದು: ಇನ್ನೊಬ್ಬ ಸಹೋದರನ ಬಗ್ಗೆ ಅವನಿಲ್ಲದಾಗ ಮಾತಾಡಬಾರದು, ಮಾತಾಡಿಬಿಟ್ಟರೆ ಹೋಗಿ ಅವನಿಗೇ ಹೇಳಬೇಕು. ಅವರ ಇನ್ನೊಂದು ಅಭ್ಯಾಸ, ಒಂದೇ ಸಣ್ಣ ವಾಕ್ಯಭಾಗವನ್ನು ವಾರವಿಡೀ ದಿನಕ್ಕೆ ಅರ್ಧ ಗಂಟೆ ಮೌನವಾಗಿ ಧ್ಯಾನಿಸುವುದು. ಪ್ರಸಂಗ ತಯಾರಿಗಾಗಿ ಅಲ್ಲ, ತನಗಾಗಿ. ವಿದ್ಯಾರ್ಥಿಗಳು ಮೊದಮೊದಲು ಗೊಣಗಿದರು. ಓದು ಬರಹ ಹೆಚ್ಚಿದ್ದು ಮನಸ್ಸು ವಾದಕ್ಕೇ ಓಡುವವರಿಗೆ ಇದು ಬೆನೆಡಿಕ್ಟರ ದಾರಿಗಿಂತ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಮೂರನೆಯ ದಿನಕ್ಕೆ ಹೊಸ ವಿಚಾರಗಳೆಲ್ಲ ಖಾಲಿಯಾಗಿ ವಾಕ್ಯ ಮಾತ್ರ ಎದುರಿಗೆ ಉಳಿಯುತ್ತದೆ.

ಪ್ರಾರ್ಥನೆ ಇದೆ, ಕಾಲು ಮನೆಯಾಚೆ ಹೋಗುತ್ತಿಲ್ಲ ಎನ್ನುವವರಿಗೆ: ಜೋಸೆಫ್ ವಾಝ್

ಸಂತ ಜೋಸೆಫ್ ವಾಝ್ ನಮಗೆ ಎಲ್ಲರಿಗಿಂತ ಹತ್ತಿರದವರು. 1651ರಲ್ಲಿ ಗೋವೆಯ ಬೆನವ್ಲಿಯಲ್ಲಿ ಹುಟ್ಟಿ, ಕೊಂಕಣಿ ಮಾತಾಡುತ್ತ ಬೆಳೆದು, 1681ರಿಂದ 1684ರವರೆಗೆ ಕೆನರಾ ಕರಾವಳಿಯಲ್ಲಿ ಸೇವೆ ಮಾಡಿದವರು. ಮುಂದೆ ಡಚ್ಚರ ಕಾಲದ ಸಿಲೋನಿಗೆ (ಈಗಿನ ಶ್ರೀಲಂಕಾ) ವೇಷ ಮರೆಸಿ ಹೋದರು. ಅಲ್ಲಿ ಕಥೋಲಿಕ ಪಾದ್ರಿಗಳಿಗೆ ನಿಷೇಧ. ಕುತ್ತಿಗೆಗೆ ಜಪಸರ ಹಾಕಿಕೊಂಡು ಭಿಕ್ಷುಕನಂತೆ ಬಾಗಿಲಿಂದ ಬಾಗಿಲಿಗೆ ತಿರುಗಿ, ಅದನ್ನು ಕಂಡು ಯಾರ ಮುಖ ಬದಲಾಗುತ್ತದೆ ಎಂದು ನೋಡಿ ವಿಶ್ವಾಸಿಗಳನ್ನು ಗುರುತಿಸಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ ತಮ್ಮ ಸೋದರಳಿಯ ಪಾದ್ರಿಯೊಂದಿಗೆ ಅವರ ಆರೈಕೆಗೆ ನಿಂತರು. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಅವರಿಂದ ಕಲಿಯಬಹುದಾದ್ದು ಮನೆಭೇಟಿ. ವಾರಕ್ಕೆ ಒಂದೇ ಮನೆ, ಅದೇ ದಿನ, ಅರ್ಧ ಗಂಟೆ. ಹಾಸಿಗೆ ಹಿಡಿದವರು, ಮಕ್ಕಳೆಲ್ಲ ಮುಂಬೈ, ಗಲ್ಫ್ ಸೇರಿ ಒಂಟಿಯಾಗಿ ಉಳಿದ ಹಿರಿಯರು, ಇತ್ತೀಚೆಗೆ ಸಾವು ಕಂಡ ಮನೆ, ಇವು ಮೊದಲು. ಹೋದಾಗ ಮೊದಲು ಕೇಳಿ, ಆಮೇಲೆ ಕೆಲಸ: ಔಷಧಿ ತಂದುಕೊಡುವುದು, ಪಿಂಚಣಿಯ ಅರ್ಜಿ ತುಂಬುವುದು. ಅವರೇ ಕೇಳಿದರೆ ಪ್ರಾರ್ಥನೆ. ಕೇಳದಿದ್ದರೆ ಬೇಡ, ಬೇರೆ ಧರ್ಮದವರ ಮನೆಯಲ್ಲಂತೂ ಈ ಎಚ್ಚರ ಇರಲೇಬೇಕು. ಇಲ್ಲಿ ಕೆಡುವುದು ಉತ್ಸಾಹದಿಂದ: ಮೊದಲ ತಿಂಗಳು ಹತ್ತು ಮನೆ, ಎರಡನೆಯ ತಿಂಗಳು ಒಂದೂ ಇಲ್ಲ. ಕಾದು ಕುಳಿತ ಅಜ್ಜಿಗೆ ಅದು ಹೋಗದೆ ಇರುವುದಕ್ಕಿಂತ ದೊಡ್ಡ ನೋವು.

ಅಭ್ಯಾಸವೂ ಸೇವೆಯೂ ಒಂದೇ ಬದುಕಿನಲ್ಲಿ ಹೇಗೆ ಸೇರುತ್ತವೆ ಎಂದು ನೋಡಬೇಕಾದವರು ಪಂಡಿತಾ ರಮಾಬಾಯಿಯವರ (1858–1922) ಚರಿತ್ರೆ ಓದಲಿ. ತಂದೆ ಕಾರ್ಕಳದ ಹತ್ತಿರದ ಮಾಳದವರು, ರಮಾಬಾಯಿ ಹುಟ್ಟಿದ್ದು ಘಟ್ಟದ ಗಂಗಾಮೂಲದಲ್ಲಿ. ಬರಗಾಲದ ಹೆಣ್ಣುಮಕ್ಕಳಿಗೆ ಕೇಡಗಾಂವದಲ್ಲಿ ಆಶ್ರಯ ಕಟ್ಟುತ್ತಲೇ ಮೂಲ ಭಾಷೆಗಳಿಂದ ಬೈಬಲನ್ನು ಮರಾಠಿಗೆ ತಂದರು. ಸಾಧು ಸುಂದರ್ ಸಿಂಗರ ಕಾವಿ ಬಟ್ಟೆ, ನಲವತ್ತು ದಿನದ ಉಪವಾಸ, ಟಿಬೆಟಿನ ಪಯಣ ಯುವಕರನ್ನು ಬೇಗ ಸೆಳೆಯುತ್ತವೆ. ಓದಿ, ಆದರೆ ಅನುಕರಣೆಯನ್ನು ಅಲ್ಲಿಂದ ಶುರುಮಾಡಬೇಡಿ.

ಎಷ್ಟು ದಿನ, ಯಾವಾಗ ಬದಲಿಸುವುದು

ಆರಿಸಿದ ಮೇಲೆ ಆರು ವಾರ ಬೇರೆ ದಾರಿಯ ಕಡೆ ನೋಡಬೇಡಿ. ತಪಸ್ಸು ಕಾಲ ಇದಕ್ಕೆ ಒಳ್ಳೆಯ ಅವಧಿ. ಬೋಟಿನವರಿಗೆ ಜೂನ್, ಜುಲೈನ ಮೀನುಗಾರಿಕೆ ನಿಷೇಧದ ದಿನಗಳು ಇನ್ನೂ ಒಳ್ಳೆಯವು. ಎರಡು ದಾರಿ ಒಟ್ಟಿಗೆ ಹಿಡಿದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಮೂರನೆಯ ನಾಲ್ಕನೆಯ ವಾರಕ್ಕೆ ಬೇಸರ ಬಂದರೆ ದಾರಿ ತಪ್ಪಿದೆ ಎಂದಲ್ಲ. ಆವಿಲಾದ ತೆರೇಸಾ (1515–1582) ಎಷ್ಟೋ ವರ್ಷ ಪ್ರಾರ್ಥನೆಯ ಹೊತ್ತು ಯಾವಾಗ ಮುಗಿಯುತ್ತದೆ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದನ್ನು ತಾವೇ ಬರೆದಿದ್ದಾರೆ. ತೋಟಕ್ಕೆ ನೀರುಣಿಸುವ ನಾಲ್ಕು ಬಗೆಯನ್ನು ಅವರು ಪ್ರಾರ್ಥನೆಗೆ ಹೋಲಿಸುತ್ತಾರೆ: ಬಾವಿಯಿಂದ ಸೇದಿ ಹಾಕುವುದು, ರಾಟೆ ತಿರುಗಿಸಿ ಎತ್ತುವುದು, ಹರಿಯುವ ತೊರೆಯಿಂದ ಹಾಯಿಸುವುದು, ಮಳೆ. ಮೊದಲು ಬರುವವರ ಪಾಲಿಗೆ ಸೇದುವ ಕೆಲಸ. ಬಾವಿ ಬತ್ತಿದ್ದರೂ ಕೊಡ ಇಳಿಸುವುದು ನಮ್ಮ ಕೆಲಸ ಎನ್ನುತ್ತಾರೆ ಅವರು.

ಬದಲಿಸಬೇಕಾದ ಗುರುತು ಬೇರೆ. ನಿದ್ದೆ, ಊಟ, ಮನೆಯ ಜವಾಬ್ದಾರಿ ಕೆಡುತ್ತಿದ್ದರೆ. ಮನೆಯವರ ಮೇಲೆ ಕೀಳುಭಾವನೆ ಬರುತ್ತಿದ್ದರೆ. ಪಾಪಭೀತಿ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಆರು ವಾರ ಕಾಯದೆ ನಿಲ್ಲಿಸಿ, ನಿಮ್ಮ ಫಾದರ್ ಅಥವಾ ಪಾಸ್ಟರ್ ಹತ್ತಿರ ಮಾತಾಡಿ. ಹೋಗುವಾಗ ವಾರಕ್ಕೆ ಮೂರೇ ಸಾಲು ಬರೆದ ಪುಸ್ತಕ ಒಯ್ಯಿರಿ: ಎಷ್ಟು ದಿನ ನಡೆಯಿತು, ಎಲ್ಲಿ ತಡೆಯಿತು, ಮನೆಯವರೊಂದಿಗೆ ಆ ವಾರ ಹೇಗಿದ್ದಿರಿ. ಮೂರನೆಯ ಸಾಲನ್ನು ಮನೆಯವರನ್ನೇ ಕೇಳಿ ಬರೆಯಿರಿ.